ಮನೆಯೊಳಗಿನ ಎರಡು ಕಂಪ್ಯೂಟರ್ ಮಧ್ಯೆ ಫೈಲ್ ಶೇರಿಂಗ್: ತುಮಕೂರಿನ ನಮ್ಮನೇಲಿ ಪಟ್ಟ ಪಾಡು

ನಿನ್ನೆ ರಾತ್ರಿ ಕೊನೆಗೂ ಕೆಲಸ ಮಾಡ್ತು. ಮೇಲಿನ ರೂಮಲ್ಲಿರೋ ಲ್ಯಾಪ್‌ಟಾಪ್‌ನಿಂದ ಕೆಳಗಿನ ಡೆಸ್ಕ್‌ಟಾಪ್‌ನ ಫೋಲ್ಡರ್ ಓಪನ್ ಆಯ್ತು, ಎಕ್ಸೆಲ್ ಫೈಲ್ ತಿದ್ದಿ ಸೇವ್ ಕೊಟ್ಟೆ, ಸೇವ್ ಆಯ್ತು. ಎಲ್ಲ ಇನ್ನೂ ನೆನಪಲ್ಲಿರುವಾಗ್ಲೇ ಬರೆದಿಡ್ತಿದೀನಿ, ಯಾಕಂದ್ರೆ ನಾನು ಹುಡುಕುವಾಗ ಸಿಕ್ಕಿದ್ದೆಲ್ಲ ಅರ್ಧಂಬರ್ಧ, ಒಬ್ರು ಒಂದು ಹೇಳಿದ್ರೆ ಇನ್ನೊಬ್ರು ಅದರ ಉಲ್ಟಾ ಹೇಳ್ತಿದ್ರು, ಕನ್ನಡದಲ್ಲಂತೂ ಮೊದಲಿಂದ ಕೊನೆವರೆಗೂ ಹೇಳಿರೋದು ನನಗೆ ಒಂದೂ ಸಿಗ್ಲಿಲ್ಲ.

ನಾವಿರೋದು ತುಮಕೂರಿನ ಶೆಟ್ಟಿಹಳ್ಳಿ ಕಡೆ. ನಾನು ಮನೇಲೇ ಕೂತು ಸಣ್ಣ ವ್ಯಾಪಾರಿಗಳ ಅಕೌಂಟ್ಸ್ ನೋಡ್ಕೋತೀನಿ, ಎರಡ್ಮೂರು ಹಾರ್ಡ್‌ವೇರ್ ಅಂಗಡಿ, ಒಂದು ಬಟ್ಟೆ ಅಂಗಡಿ, ತಿಪಟೂರಲ್ಲಿ ಒಬ್ರು ಕೊಬ್ಬರಿ ವ್ಯಾಪಾರದವರು, ಹೀಗೆ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕೋವ್ರಿಗೆ 11ನೇ ತಾರೀಕು ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಕೊಡೋ 3ಬಿ, ಈ ಎರಡು ತಾರೀಕು ನಮ್ಮನೇಲಿ ಹಬ್ಬದ ತಾರೀಕಿಗಿಂತ ಚೆನ್ನಾಗಿ ಎಲ್ರಿಗೂ ಗೊತ್ತು. ಕೆಳಗೆ ಮಾವನ ರೂಮಲ್ಲಿ ಹಳೇ ಡೆಸ್ಕ್‌ಟಾಪ್, ಅದಕ್ಕೆ ಪ್ರಿಂಟರ್ ಸ್ಕ್ಯಾನರ್ ಕನೆಕ್ಟ್ ಆಗಿದೆ, ಅಂಗಡಿಯವರು ತಂದುಕೊಡೋ ಬಿಲ್ಲುಗಳನ್ನ ಮಾವನೇ ಕೂತು ಸ್ಕ್ಯಾನ್ ಮಾಡಿ ಹೆಸರು ಕೊಟ್ಟು ಇಡ್ತಾರೆ, ಬ್ಯಾಂಕಿಂದ ರಿಟೈರ್ ಆದವರು, ಅವರಷ್ಟು ಅಚ್ಚುಕಟ್ಟು ನನಗೂ ಬರಲ್ಲ. ಮೇಲೆ ನನ್ನ ಲ್ಯಾಪ್‌ಟಾಪ್. ಮಧ್ಯೆ ಪೆನ್‌ಡ್ರೈವ್ ಹಿಡ್ಕೊಂಡು ಮೆಟ್ಟಿಲು ಹತ್ತೋದು ಇಳಿಯೋದು. ಒಂದೇ ಎಕ್ಸೆಲ್‌ಗೆ ಎರಡ್ಮೂರು ಕಾಪಿ ಆಗಿ ಯಾವುದು ಲೇಟೆಸ್ಟ್ ಅಂತ ಹುಡುಕೋದ್ರಲ್ಲೇ ಟೈಮ್ ಹೋಗ್ತಿತ್ತು. ಮಾವನಿಗೆ ಮಂಡಿ ನೋವು ಬೇರೆ, ಆದ್ರೂ ಒಂದೊಂದ್ಸಲ ಅವರೇ ಪೆನ್‌ಡ್ರೈವ್ ಹಿಡ್ಕೊಂಡು ಮೇಲೆ ಬಂದುಬಿಡೋರು, ಅದನ್ನ ನೋಡಿ ಇನ್ನು ಸಾಕು, ಎರಡನ್ನೂ ನೆಟ್‌ವರ್ಕಲ್ಲಿ ಸೇರಿಸ್ಬೇಕು ಅಂತ ತೀರ್ಮಾನ ಮಾಡಿದೆ.

ಡೆಸ್ಕ್‌ಟಾಪ್ ವಿಂಡೋಸ್ 10, ಪ್ರೊಸೆಸರ್ ಹಳೇದು, 11ಕ್ಕೆ ಹೋಗಲ್ಲ. ಲ್ಯಾಪ್‌ಟಾಪ್ ವಿಂಡೋಸ್ 11 ಪ್ರೊ, 24ಎಚ್2 ಅನ್ನೋ ವರ್ಷನ್. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಮುಂದೆ ಇದೂ ಲೆಕ್ಕಕ್ಕೆ ಬರುತ್ತೆ.

ಹಳೇ ಕಾಲದಲ್ಲಿ ಮನೆ ಕಂಪ್ಯೂಟರ್‌ಗಳನ್ನ ಸೇರಿಸೋಕೆ ವಿಂಡೋಸ್‌ನಲ್ಲೇ ಹೋಮ್‌ಗ್ರೂಪ್ ಅಂತ ಒಂದಿತ್ತು, ಒಂದು ಪಾಸ್‌ವರ್ಡ್ ಬರ್ಕೊಂಡ್ರೆ ಮುಗೀತಿತ್ತು. ನಮ್ಮನೆಯವರು ಅದನ್ನೇ ಹುಡುಕ್ತಾ ಕೂತಿದ್ರು. 2018ರಲ್ಲೇ ವಿಂಡೋಸ್ 10ರ 1803 ಅಪ್‌ಡೇಟ್‌ನಲ್ಲಿ ಅದನ್ನ ತೆಗೆದುಹಾಕಿದಾರೆ, ಈಗ ಎಷ್ಟು ಹುಡುಕಿದ್ರೂ ಸಿಗಲ್ಲ, ಸಿಕ್ಕ ಹಳೇ ವಿಡಿಯೋ ನೋಡ್ಕೊಂಡು ಟೈಮ್ ಹಾಳು ಮಾಡ್ಕೋಬೇಡಿ.

ಮೊದಲು ಮಾಡಿದ್ದು ಎಲ್ರೂ ಮಾಡೋದೇ. ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಶೇರ್. ಕೆಳಗೆ ಹೋಗಿ ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ಓಪನ್ ಮಾಡಿದ್ರೆ ಖಾಲಿ. ಲ್ಯಾಪ್‌ಟಾಪ್ ಹೆಸರನ್ನ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಟೈಪ್ ಮಾಡಿದ್ರೆ ನೆಟ್‌ವರ್ಕ್ ಪಾತ್ ಸಿಗ್ಲಿಲ್ಲ ಅಂತ ಎರರ್, ಕೋಡ್ ಕೊನೇಲಿ 80070035 ಅಂತಿರುತ್ತೆ. ಈ ಕೋಡ್ ನೋಡಿದವ್ರಿಗೆ ಹೇಳ್ತೀನಿ, ಇದು ಒಂದೇ ಕಾರಣಕ್ಕೆ ಬರೋದಲ್ಲ, ಆ ಹೆಸರಿನ ಕಂಪ್ಯೂಟರ್‌ವರೆಗೂ ಹೋಗೋಕೆ ಆಗ್ಲಿಲ್ಲ ಅನ್ನೋದಷ್ಟೇ ಅದರರ್ಥ, ಯಾಕೆ ಆಗ್ಲಿಲ್ಲ ಅನ್ನೋದನ್ನ ಅದು ಹೇಳಲ್ಲ.

ಆಮೇಲೆ ಸೆಟ್ಟಿಂಗ್ಸ್. ವೈಫೈಗೆ ಹೊಸದಾಗಿ ಸೇರಿದಾಗ ವಿಂಡೋಸ್ ಅದನ್ನ ಪಬ್ಲಿಕ್ ನೆಟ್‌ವರ್ಕ್ ಅಂತ ಇಟ್ಕೊಳ್ಳುತ್ತೆ, ಅಂದ್ರೆ ಬೇರೆ ಕಂಪ್ಯೂಟರ್‌ಗಳಿಗೆ ಕಾಣದ ಹಾಗೆ ಕೂರುತ್ತೆ, ಬಸ್ ಸ್ಟ್ಯಾಂಡಿನ ವೈಫೈಗೂ ಮನೆ ವೈಫೈಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ, ನಾವೇ ಹೇಳ್ಬೇಕು. ಎರಡೂ ಕಂಪ್ಯೂಟರ್‌ನಲ್ಲಿ ಆ ಕನೆಕ್ಷನ್‌ನ ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಮಾಡಿದೆ. ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ ಆನ್, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್. ಎರಡನ್ನೂ ರೀಸ್ಟಾರ್ಟ್ ಮಾಡಿದೆ, ಏನೂ ಬದಲಾಗ್ಲಿಲ್ಲ, ಅದೇ ಖಾಲಿ ಲಿಸ್ಟ್.

ಇಲ್ಲಿಂದ ಶುರುವಾಯ್ತು ಎಲ್ರ ಸಲಹೆ. ಹೊರಗಿಂದ ಬರೋದನ್ನ ತಡೆಯೋ ಫೈರ್‌ವಾಲ್‌ನ ಪೂರ್ತಿ ಆಫ್ ಮಾಡಿ ಅಂದ್ರು ಒಬ್ರು. ವಿಂಡೋಸ್ ಫೀಚರ್ಸ್‌ಗೆ ಹೋಗಿ ಎಸ್‌ಎಂಬಿ 1, ಅಂದ್ರೆ ವಿಂಡೋಸ್‌ನ ಹಳೇ ಫೈಲ್ ಶೇರಿಂಗ್ ವಿಧಾನ, ಆನ್ ಮಾಡಿ, ಎಲ್ಲ ಕಾಣ್ಸುತ್ತೆ ಅಂದ್ರು ಇನ್ನೊಬ್ರು, ವಿಡಿಯೋಗಳಲ್ಲಂತೂ ಹತ್ತರಲ್ಲಿ ಎಂಟು ಇದನ್ನೇ ಹೇಳ್ತಾವೆ. ದಯವಿಟ್ಟು ಮಾಡ್ಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಪ್ರಪಂಚದ ತುಂಬಾ ಕಂಪ್ಯೂಟರ್‌ಗಳ ಫೈಲ್ ಲಾಕ್ ಮಾಡಿ ದುಡ್ಡು ಕೇಳ್ತಲ್ಲ, ಅದು ಒಂದರಿಂದ ಇನ್ನೊಂದಕ್ಕೆ ಹರಡಿದ್ದೇ ಈ ಎಸ್‌ಎಂಬಿ 1ರ ತೂತಿಂದ. ಅದೇ ವರ್ಷದ ಕೊನೆಯಿಂದ ವಿಂಡೋಸ್ 10 ಹೊಸದಾಗಿ ಹಾಕಿದ್ರೆ ಎಸ್‌ಎಂಬಿ 1 ತಾನಾಗೇ ಬರೋದು ನಿಂತಿದೆ. ವಿಂಡೋಸ್ 10, 11 ಎರಡಕ್ಕೂ ಹೊಸ ಎಸ್‌ಎಂಬಿ 3 ಬರುತ್ತೆ, ಹಳೇದರ ಅವಶ್ಯಕತೆನೇ ಇಲ್ಲ. ನನ್ನ ಹತ್ರ ಇರೋದು ಬೇರೆಯವರ ಪ್ಯಾನ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು, ಅವರು ನಂಬಿ ಕೊಟ್ಟಿರೋದು, ಅದನ್ನ ಬಾಗಿಲು ತೆಗೆದಿಟ್ಟು ಕೂರೋಕೆ ನನಗೆ ಮನಸ್ಸು ಒಪ್ಪಲ್ಲ.

ಅಷ್ಟರಲ್ಲಿ ತಾರೀಕು 20 ಹತ್ರ ಬರ್ತಿತ್ತು. ತಲೆ ಕೆಟ್ಟು ಒಬ್ಬ ಟೆಕ್ನಿಷಿಯನ್‌ನ ಕರೆಸಿದ್ವಿ, ವಿಸಿಟಿಂಗ್ ಚಾರ್ಜ್ 400. ಬೆಳಿಗ್ಗೆ ಹತ್ತಕ್ಕೆ ಬರ್ತೀನಿ ಅಂದವನು ಬಂದಿದ್ದು ಸಂಜೆ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡ್ದ, ಫೋಲ್ಡರ್‌ಗೆ ಎವ್ರಿಒನ್ ಫುಲ್ ಕಂಟ್ರೋಲ್ ಕೊಟ್ಟ, ಆಗ್ಲಿಲ್ಲ, ಡೆಸ್ಕ್‌ಟಾಪ್ ಫಾರ್ಮ್ಯಾಟ್ ಮಾಡ್ಬೇಕು ಮೇಡಂ 1200 ಆಗುತ್ತೆ ಅಂದ. ಮಾವನ ಮುಖ ನೋಡಿದೆ, ಅವರ ಎಷ್ಟೋ ವರ್ಷದ ಫೋಟೋ, ಪೆನ್ಷನ್ ಪೇಪರ್ ಎಲ್ಲ ಅದರಲ್ಲೇ ಇದೆ. ಬೇಡ ಅಂತ ಹೇಳಿ ಕಳಿಸ್ದೆ. ಇದನ್ನ ಯಾರ ಮೇಲಿನ ಕೋಪಕ್ಕೂ ಬರೀತಿಲ್ಲ. ಫೈಲ್ ಶೇರಿಂಗ್ ಆಗ್ತಿಲ್ಲ ಅಂತ ಯಾರಾದ್ರೂ ಫಾರ್ಮ್ಯಾಟ್ ಮಾಡ್ಬೇಕು ಅಂದ್ರೆ ತಕ್ಷಣ ಒಪ್ಕೋಬೇಡಿ, ಅಷ್ಟೇ. ಅವನು ಮಾಡಿದ ಆ ಎರಡು ಸೆಟ್ಟಿಂಗ್‌ನೂ ಆ ರಾತ್ರಿನೇ ವಾಪಸ್ ಮೊದಲಿನ ಹಾಗೆ ಮಾಡಿದೆ.

ನಿಜವಾದ ಸುಳಿವು ಸಿಕ್ಕಿದ್ದು ನನ್ನ ಕಾಲೇಜ್ ಫ್ರೆಂಡ್ ಒಬ್ಬಳಿಂದ, ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸದಲ್ಲಿದಾಳೆ. ಫೋನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆನೇ, ಎರಡರ ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಅವುಗಳ ನಂಬರ್, ಏನು ಅಂತ. ವಿಂಡೋಸ್ ಬಟನ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿ ಕಪ್ಪು ಕಿಟಕಿ ಬಂದಮೇಲೆ ಐಪಿಕಾನ್ಫಿಗ್ (ipconfig) ಅಂತ ಕೊಟ್ಟು ಎಂಟರ್ ಒತ್ತೋದು. ಅಲ್ಲಿ ಐಪಿವಿ4 ಅಂತಿರೋ ಸಾಲು ನೋಡ್ಬೇಕು. ನಾನು ಮೇಲಿಂದ ಕೂಗಿದೆ, ಮಾವ ಕೆಳಗಿಂದ ಒಂದೊಂದೇ ಅಂಕಿ ಓದಿ ಹೇಳಿದ್ರು, ಕ್ಯಾಲೆಂಡರ್ ಹಿಂದೆ ಒಂದರ ಕೆಳಗೆ ಒಂದು ಬರ್ಕೊಂಡೆ.

ಡೆಸ್ಕ್‌ಟಾಪ್ 192.168.1.7
ಲ್ಯಾಪ್‌ಟಾಪ್ 192.168.0.104

ಚುಕ್ಕೆಗಳ ಮಧ್ಯೆ ಇರೋ ಮೂರನೇ ಸಂಖ್ಯೆ ನೋಡಿ. ಒಂದರಲ್ಲಿ 1, ಇನ್ನೊಂದರಲ್ಲಿ 0. ಒಂದೇ ಮನೆ, ಒಂದೇ ಇಂಟರ್ನೆಟ್, ಆದ್ರೆ ಎರಡೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿದಾವೆ.

ಹೇಗೆ ಅಂದ್ರೆ, ಫೈಬರ್ ಬಂದು ಸೇರೋ ಡಬ್ಬಿ, ಓಎನ್‌ಟಿ ಅಂತಾರೆ, ಅದು ಕೆಳಗೆ ಹಾಲ್‌ನಲ್ಲಿದೆ. ಆರ್‌ಸಿಸಿ ಛಾವಣಿ ದಾಟಿ ಮೇಲಕ್ಕೆ ಸಿಗ್ನಲ್ ಸರಿಯಾಗಿ ಬರಲ್ಲ ಅಂತ ಲಾಕ್‌ಡೌನ್ ಟೈಮಲ್ಲಿ ಇನ್ನೊಂದು ರೂಟರ್ ತಂದು, ಕೇಬಲ್ ಎಳೆದು ಮೇಲೆ ಹಾಕಿಸಿದ್ವಿ. ಹಾಕಿದವರು ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ರು, ಹಾಗಾಗಿ ಮನೇಲಿ ಯಾರಿಗೂ ಎರಡು ನೆಟ್‌ವರ್ಕ್ ಇದೆ ಅನ್ನೋದೇ ಗೊತ್ತಿರ್ಲಿಲ್ಲ. ಮೇಲಿನ ರೂಟರ್ ತನ್ನದೇ ಬೇರೆ ಐಪಿ ಹಂಚ್ಕೊಂಡು ಕೂತಿತ್ತು, ಇದಕ್ಕೆ ಡಬಲ್ ನ್ಯಾಟ್ ಅಂತಾರೆ. ಇದರಲ್ಲಿ ಒಂದು ವಿಚಿತ್ರ ಇದೆ. ಅವಳು ಹೇಳಿದ ಹಾಗೆ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್‌ನ ಐಪಿ ಹಾಕಿದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಕೇಳ್ತು! ಅಂದ್ರೆ ತಲುಪ್ತು. ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್ ಐಪಿಗೆ ಪಿಂಗ್ ಮಾಡಿದ್ರೆ, ಅಂದ್ರೆ ತಲುಪುತ್ತಾ ಅಂತ ತಟ್ಟಿ ನೋಡಿದ್ರೆ ಮಾತ್ರ ಬರೀ ರಿಕ್ವೆಸ್ಟ್ ಟೈಮ್ಡ್ ಔಟ್. ಒಳಗಡೆಯಿಂದ ಚಿಲಕ ಹಾಕಿರೋ ಬಾಗಿಲಿನ ಹಾಗೆ, ಎರಡನೇ ರೂಟರ್ ಹಿಂದೆ ಇರೋರು ಆಚೆ ಬರಬಹುದು, ಆಚೆ ಇರೋರು ಒಳಗೆ ಹೋಗೋಕಾಗಲ್ಲ. ನೆಟ್‌ವರ್ಕ್ ಲಿಸ್ಟಲ್ಲಿ ಹೆಸರು ಕಾಣಿಸೋದಂತೂ ಎರಡೂ ಕಡೆ ಸಾಧ್ಯ ಇಲ್ಲ, ಆ ಹುಡುಕಾಟದ ಮೆಸೇಜ್ ರೂಟರ್ ದಾಟಿ ಹೋಗೋದೇ ಇಲ್ಲ.

ಅದಕ್ಕೇ ಹೇಳೋದು, ಬೇರೆ ಯಾವ ಸೆಟ್ಟಿಂಗೂ ಮುಟ್ಟೋಕೆ ಮುಂಚೆ ಐಪಿ ನೋಡಿ. ಮೊದಲ ಮೂರು ಸಂಖ್ಯೆ ಎರಡರಲ್ಲೂ ಒಂದೇ ಇರ್ಬೇಕು, ಮನೆ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಹಾಗೇ. ಇಲ್ಲ ಅಂದ್ರೆ ವಿಂಡೋಸ್‌ನಲ್ಲಿ ಏನು ಮಾಡಿದ್ರೂ ಎರಡೂ ಒಂದಕ್ಕೊಂದು ಸರಿಯಾಗಿ ಕಾಣಲ್ಲ. ಇನ್ನೊಂದು, ಗೆಸ್ಟ್ ವೈಫೈಗೆ ಕನೆಕ್ಟ್ ಆಗಿದ್ರೂ, ಅಥವಾ ರೂಟರ್‌ನಲ್ಲಿ ಎಪಿ ಐಸೋಲೇಶನ್ ಅನ್ನೋದು ಆನ್ ಇದ್ರೂ ಇದೇ ಗತಿ, ಇಂಟರ್ನೆಟ್ ಬರುತ್ತೆ, ಪಕ್ಕದ ಕಂಪ್ಯೂಟರ್ ಮಾತ್ರ ಕಾಣಲ್ಲ.

ಪರಿಹಾರ ಸುಲಭ. ಮೇಲಿನ ರೂಟರ್‌ನ ಪೇಜ್‌ಗೆ ಹೋಗಿ ಆಪರೇಶನ್ ಮೋಡ್‌ನಲ್ಲಿ ರೂಟರ್ ಅಂತಿದ್ದನ್ನ ಆಕ್ಸೆಸ್ ಪಾಯಿಂಟ್ ಅಂತ ಮಾಡಿದೆ. ರೀಸ್ಟಾರ್ಟ್ ಆಗೋಕೆ ಒಂದೆರಡು ನಿಮಿಷ ತಗೊಂಡ್ತು, ವೈಫೈ ಪೂರ್ತಿ ಹೋಗಿಬಿಡ್ತು, ಎದೆ ಧಸಕ್ ಅಂತು, ಆಮೇಲೆ ಬಂತು. ಈಗ ಐಪಿ ಕೊಡೋದು ಓಎನ್‌ಟಿ ಒಂದೇ, ಲ್ಯಾಪ್‌ಟಾಪ್‌ಗೂ 192.168.1 ಸಾಲಿನ ಐಪಿ ಬಂತು. ಮೋಡ್ ಬದಲಾದ್ಮೇಲೆ ಆ ರೂಟರ್‌ನ ಹಳೇ ಪೇಜ್ ಅಡ್ರೆಸ್ ಓಪನ್ ಆಗಲ್ಲ, ಅದಕ್ಕೂ ಹೊಸ ಐಪಿ ಬಂದಿರುತ್ತೆ, ಗಾಬರಿ ಬೇಡ. ನಿಮ್ಮ ರೂಟರ್ ಹಳೇದು, ಆ ಆಪ್ಷನ್ನೇ ಇಲ್ಲ ಅಂದ್ರೆ ಕೈಯಿಂದ ಮಾಡ್ಬಹುದು: ಮೊದಲು ಅದರ ಲ್ಯಾನ್ ಐಪಿ, ಅಂದ್ರೆ ಮನೆಯೊಳಗಿನ ಐಪಿನ ಓಎನ್‌ಟಿ ಸಾಲಿಗೆ ತನ್ನಿ, ಓಎನ್‌ಟಿ 192.168.1.1 ಆಗಿದ್ರೆ ಇದನ್ನ ಯಾರೂ ಬಳಸದ 192.168.1.2 ಮಾಡಿ, ಆಮೇಲೆ ಐಪಿ ಹಂಚೋ ಡಿಎಚ್‌ಸಿಪಿ ಆಫ್ ಮಾಡಿ, ಕೊನೇಲಿ ಇಂಟರ್ನೆಟ್ ಬರೋ ವ್ಯಾನ್ ಪೋರ್ಟಲ್ಲಿರೋ ಕೇಬಲ್ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಖರ್ಚು ಏನಿಲ್ಲ.

ಖುಷಿಯಾಗಿ ನೆಟ್‌ವರ್ಕ್ ಓಪನ್ ಮಾಡಿದೆ. ಮತ್ತೆ ಖಾಲಿ. ಅಳು ಬರೋ ಹಾಗಾಯ್ತು ನಿಜವಾಗ್ಲೂ. ಆಗಿದ್ದೇನಂದ್ರೆ, ರೂಟರ್ ಬದಲಾಗಿದ್ರಿಂದ ಲ್ಯಾಪ್‌ಟಾಪ್ ಇದನ್ನ ಹೊಸ ನೆಟ್‌ವರ್ಕ್ ಅಂತ ತಿಳ್ಕೊಂಡು ಮತ್ತೆ ಪಬ್ಲಿಕ್ ಮಾಡಿಬಿಟ್ಟಿತ್ತು. ಮತ್ತೆ ಪ್ರೈವೇಟ್ ಮಾಡಿದೆ. ರೂಟರ್ ಮುಟ್ಟಿದಾಗಲೆಲ್ಲ ಇದನ್ನ ಚೆಕ್ ಮಾಡ್ಬೇಕು. ಲ್ಯಾಪ್‌ಟಾಪ್ ಜೊತೆ ಬಂದಿದ್ದ ಟ್ರಯಲ್ ಆಂಟಿವೈರಸ್ ಒಂದಿತ್ತು, ಅವಧಿ ಮುಗಿದ್ರೂ ಅದರ ಫೈರ್‌ವಾಲ್ ಮಾತ್ರ ಕೂತಿತ್ತು, ಅದನ್ನ ಅನ್‌ಇನ್‌ಸ್ಟಾಲ್ ಮಾಡಿದೆ, ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನಾಗೇ ಆನ್ ಆಯ್ತು. ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ಸರ್ವೀಸಸ್ ಓಪನ್ ಮಾಡಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಅನ್ನೋದನ್ನ ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಟ್ಟೆ. ನಾನು ಇಲ್ಲಿದೀನಿ ಅಂತ ಬೇರೆ ಕಂಪ್ಯೂಟರ್‌ಗಳಿಗೆ ಸಾರೋದು ಈ ಸರ್ವೀಸೇ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ಹೆಸರು ಲಿಸ್ಟಲ್ಲಿ ಬಂತು! ಮಾವನ್ನ ಕೂಗಿ ಹೇಳಿದೆ.

ಫೈಲ್ ಎಲ್ಲಿಡೋದು ಅನ್ನೋದನ್ನೂ ಇಲ್ಲೇ ಬದಲಾಯಿಸ್ದೆ. ಲ್ಯಾಪ್‌ಟಾಪ್ ಮುಚ್ಚಿದ್ರೆ ಶೇರೂ ಹೋಗುತ್ತೆ, ಹಾಗಾಗಿ ಎಲ್ಲ ಫೈಲ್ ಡೆಸ್ಕ್‌ಟಾಪ್‌ನ ಡಿ ಡ್ರೈವ್‌ನಲ್ಲಿ ಒಂದೇ ಫೋಲ್ಡರ್‌ಗೆ ಹಾಕಿ ಅದನ್ನ ಮಾತ್ರ ಶೇರ್ ಮಾಡಿದೆ. ಪೂರ್ತಿ ಡ್ರೈವ್ ಶೇರ್ ಮಾಡೋದು ಬೇಡ. ಡೆಸ್ಕ್‌ಟಾಪ್‌ನ ಸ್ಲೀಪ್ ಕೂಡ ಆಫ್ ಮಾಡಿದೆ, ಅದು ನಿದ್ದೆ ಹೋದ್ರೆ ಮೇಲಿಂದ ಏನೂ ಕಾಣಲ್ಲ.

ಮುಂದಿನ ಅಡ್ಡಿ ಪಾಸ್‌ವರ್ಡ್. ಹೆಸರಿನ ಮೇಲೆ ಕ್ಲಿಕ್ ಮಾಡಿದ್ರೆ ಯೂಸರ್‌ನೇಮ್ ಕೇಳುತ್ತೆ, ಏನು ಕೊಡೋದು? ಮಾವನ ಅಕೌಂಟ್‌ಗೆ ಪಾಸ್‌ವರ್ಡ್ಡೇ ಇಲ್ಲ, ಆನ್ ಮಾಡಿದ್ರೆ ಸೀದಾ ಒಳಗೆ. ಪಾಸ್‌ವರ್ಡ್ ಇಲ್ಲದ ಅಕೌಂಟಲ್ಲಿ ನೆಟ್‌ವರ್ಕ್ ಮೂಲಕ ಬರೋದನ್ನ ವಿಂಡೋಸ್ ಬಿಡಲ್ಲ, ಅದರ ಮುಂದೆ ಕೂತ್ಕೊಂಡೇ ಲಾಗಿನ್ ಆಗ್ಬೇಕು. ಪಿನ್ ಹಾಕೋರಿಗೂ ಹೇಳ್ತೀನಿ, ಆ ನಾಕಂಕಿ ಪಿನ್ ಆ ಕಂಪ್ಯೂಟರ್‌ಗೆ ಮಾತ್ರ, ನೆಟ್‌ವರ್ಕಲ್ಲಿ ನಡೆಯಲ್ಲ, ನಿಜವಾದ ಪಾಸ್‌ವರ್ಡೇ ಬೇಕು. ಅವತ್ತು ಟೆಕ್ನಿಷಿಯನ್ ಪಾಸ್‌ವರ್ಡ್ ಶೇರಿಂಗ್ ಆಫ್ ಮಾಡಿದ್ದನಲ್ಲ, ಆಗ ಡೆಸ್ಕ್‌ಟಾಪ್ ಐಪಿ ಹಾಕಿ ನೋಡಿದ್ರೂ ಆಗ್ತಿರ್ಲಿಲ್ಲ, ಯಾಕಂದ್ರೆ ಅದು ಗೆಸ್ಟ್ ಆಗಿ ಒಳಗೆ ಬಿಡೋ ದಾರಿ, ವಿಂಡೋಸ್ 11 ಪ್ರೊನಲ್ಲಿ 24ಎಚ್2 ಇಂದ ಗೆಸ್ಟ್ ಲಾಗಿನ್‌ನೇ ಬ್ಲಾಕ್. ನಿಮ್ಮ ಸಂಸ್ಥೆಯ ಸೆಕ್ಯೂರಿಟಿ ಪಾಲಿಸಿ ಇದನ್ನ ತಡೀತಿದೆ ಅಂತ ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್ ಬರುತ್ತೆ, ಮನೆ ಕಂಪ್ಯೂಟರ್‌ಗೆ ಯಾವ ಸಂಸ್ಥೆ ಅಂತ ಗಾಬರಿ ಆಗೋದು ಬೇಡ, ಪಾಸ್‌ವರ್ಡ್ ಇರೋ ಅಕೌಂಟ್‌ನಿಂದ ಬನ್ನಿ ಅಂತ ಅಷ್ಟೇ ಅದು ಹೇಳ್ತಿರೋದು.

ಮಾವನಿಗೆ ಹೊಸದಾಗಿ ಪಾಸ್‌ವರ್ಡ್ ನೆನಪಿಟ್ಕೊಳ್ಳೋ ಕಷ್ಟ ಕೊಡೋದು ನನಗೆ ಇಷ್ಟ ಇರ್ಲಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಶೇರಿಂಗ್‌ಗೇ ಅಂತ ಬೇರೆ ಒಂದು ಲೋಕಲ್ ಅಕೌಂಟ್ ಮಾಡಿದೆ, ಸಾಧಾರಣ ಯೂಸರ್, ಅಡ್ಮಿನ್ ಅಲ್ಲ, ಉದ್ದದ ಪಾಸ್‌ವರ್ಡ್ ಹಾಕಿ. ಮಾವ ಎಂದಿನಂತೆ ಅವರ ಅಕೌಂಟಲ್ಲೇ ಇರ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಯೂಸರ್‌ನೇಮ್ ಕೊಡುವಾಗ ಮುಂದೆ ಡೆಸ್ಕ್‌ಟಾಪ್‌ನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಅಕೌಂಟ್ ಹೆಸರು ಹಾಕ್ಬೇಕು, ಇಲ್ಲಾಂದ್ರೆ ಲ್ಯಾಪ್‌ಟಾಪ್ ತನ್ನಲ್ಲಿರೋ ಅಕೌಂಟ್ ಅಂದ್ಕೊಳ್ಳೋ ಸಾಧ್ಯತೆ ಇದೆ. ಹಳೇ ಪ್ರಯತ್ನಗಳ ತಪ್ಪು ಪಾಸ್‌ವರ್ಡ್ ಸೇವ್ ಆಗಿದ್ರೆ ಕೇಳದೇನೇ ಆಕ್ಸೆಸ್ ಡಿನೈಡ್ ಅಂದುಬಿಡುತ್ತೆ, ಆಗ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಕ್ರೆಡೆನ್ಷಿಯಲ್ಸ್‌ಗೆ ಹೋಗಿ ಆ ಕಂಪ್ಯೂಟರ್ ಹೆಸರಿರೋದನ್ನ ಡಿಲೀಟ್ ಮಾಡಿ, ಸೈನ್ ಔಟ್ ಆಗಿ ಬನ್ನಿ. ತೊಂದರೆ ದಾರೀಲಿದ್ಯಾ ಅಕೌಂಟಲ್ಲಿದ್ಯಾ ಅಂತ ಗೊತ್ತಾಗ್ಬೇಕಾ, ಸಿಎಂಡಿ ತರದ್ದೇ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ (Test-NetConnection) ಕಮಾಂಡ್‌ಗೆ ಆ ಐಪಿ ಮತ್ತು ಫೈಲ್ ಶೇರಿಂಗ್ ಬಳಸೋ ಪೋರ್ಟ್ 445 ಕೊಡಿ. ಕೊನೇ ಸಾಲಲ್ಲಿ ಟ್ರೂ ಬಂದ್ರೆ ದಾರಿ ಸರಿ ಇದೆ, ಅಕೌಂಟ್ ನೋಡಿ. ಫಾಲ್ಸ್ ಬಂದ್ರೆ ನೆಟ್‌ವರ್ಕ್, ಫೈರ್‌ವಾಲ್ ಕಡೆ ನೋಡಿ. ಆದ್ರೆ ಈ 445ನ ರೂಟರ್‌ನಲ್ಲಿ ಹೊರಗಿನ ಇಂಟರ್ನೆಟ್‌ಗೆ ಯಾವತ್ತೂ ಓಪನ್ ಮಾಡ್ಬೇಡಿ.

ಫೋಲ್ಡರ್ ಓಪನ್ ಆಯ್ತು, ಬಿಲ್ಲುಗಳೆಲ್ಲ ಕಂಡ್ವು, ಮಾವ ಹಾಕಿದ್ದ ಹೆಸರು ತಾರೀಕಿನ ಸಮೇತ. ಎಕ್ಸೆಲ್ ತಿದ್ದಿ ಸೇವ್ ಕೊಟ್ರೆ ಪರ್ಮಿಷನ್ ಇಲ್ಲ ಅಂತು. ಇಲ್ಲಿ ಎರಡು ಬೀಗ ಇರೋದು ತುಂಬಾ ಜನಕ್ಕೆ ಗೊತ್ತಿರಲ್ಲ. ಶೇರಿಂಗ್ ಟ್ಯಾಬಲ್ಲಿ ಒಂದು ಪರ್ಮಿಷನ್, ಪಕ್ಕದ ಸೆಕ್ಯೂರಿಟಿ ಟ್ಯಾಬಲ್ಲಿ ಇನ್ನೊಂದು, ನೆಟ್‌ವರ್ಕಿಂದ ಬರೋರಿಗೆ ಇವೆರಡರಲ್ಲಿ ಯಾವುದು ಕಮ್ಮಿ ಬಿಡುತ್ತೋ ಅದೇ ಲೆಕ್ಕ. ಅಡ್ವಾನ್ಸ್ಡ್ ಶೇರಿಂಗ್‌ನಲ್ಲಿ ಮಾಡಿದ್ರೆ ಎವ್ರಿಒನ್‌ಗೆ ಬರೀ ರೀಡ್ ಅಂತ ಇರುತ್ತೆ. ಎವ್ರಿಒನ್ ತೆಗೆದು ಆ ಹೊಸ ಅಕೌಂಟ್‌ಗೆ ಮಾತ್ರ ಚೇಂಜ್ ಕೊಟ್ಟೆ, ಸೆಕ್ಯೂರಿಟಿ ಟ್ಯಾಬಲ್ಲಿ ಅದಕ್ಕೇ ಮಾಡಿಫೈ ಕೊಟ್ಟೆ, ಸೇವ್ ಆಯ್ತು. 3ಬಿ ಟೈಮಿಗೆ ಹಾಕಿದೆ.

ಇಷ್ಟಕ್ಕೇ ಮುಗೀತು ಅಂದ್ಕೊಂಡ್ರೆ, ಎರಡು ದಿನ ಬಿಟ್ಟು ಕರೆಂಟ್ ಹೋಗಿ ಬಂತು, ಆ ಶೇರ್ ಫೋಲ್ಡರ್‌ನ ಲ್ಯಾಪ್‌ಟಾಪ್‌ನಲ್ಲಿ ಒಂದು ಡ್ರೈವ್ ತರ ಕಾಣೋ ಹಾಗೆ ಮ್ಯಾಪ್ ಮಾಡಿದ್ದೆ, ಆ ಝಡ್ ಡ್ರೈವ್ ಮೇಲೆ ಕೆಂಪು ಕ್ರಾಸ್. ಎಲ್ಲ ರೀಸ್ಟಾರ್ಟ್ ಆಗಿ ಡೆಸ್ಕ್‌ಟಾಪ್‌ಗೆ ಬೇರೆ ಐಪಿ ಬಂದಿತ್ತು, ನಾನು ಮ್ಯಾಪ್ ಮಾಡಿದ್ದು ಹಳೇ ಐಪಿಗೆ. ಡೆಸ್ಕ್‌ಟಾಪ್‌ಗೆ ಯಾವಾಗ್ಲೂ ಒಂದೇ ಐಪಿ ಕೊಡು ಅಂತ ಓಎನ್‌ಟಿನಲ್ಲಿ ರಿಸರ್ವೇಶನ್ ಹಾಕ್ಬೇಕು, ಅದರ ಲಾಗಿನ್ ಇಂಟರ್ನೆಟ್ ಕೊಡೋರ ಹತ್ರ. ಫೋನ್ ಮಾಡಿದ್ರೆ ಹೋಲ್ಡಲ್ಲಿ ಮ್ಯೂಸಿಕ್, ನಾಳೆ ಹುಡುಗ ಬರ್ತಾನೆ ಅಂತಾರೆ, ನಾಳೆ ಅನ್ನೋದು ಮುಂದಕ್ಕೆ ಹೋಗ್ತಾನೇ ಇತ್ತು. ನಿನ್ನೆ ಸಂಜೆ ಬಂದ, ಪಾಪ ಮಳೇಲಿ ನೆನ್ಕೊಂಡು ಬಂದಿದ್ದ, ಮಾವ ಕಾಫಿ ಕೊಟ್ರು, ಡೆಸ್ಕ್‌ಟಾಪ್‌ನ ಮ್ಯಾಕ್ ಅಡ್ರೆಸ್ ಕೇಳಿ ಎರಡು ನಿಮಿಷದಲ್ಲಿ ಹಾಕಿಕೊಟ್ಟ, ದುಡ್ಡೂ ತಗೊಳ್ಳಲಿಲ್ಲ. ಕರೆಸೋಕೆ ಮುಂಚೆ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು ಫಿಸಿಕಲ್ ಅಡ್ರೆಸ್ ಬರೆದಿಟ್ಕೊಂಡಿರಿ, ಮ್ಯಾಕ್ ಅಡ್ರೆಸ್ ಅಂದ್ರೆ ಅದೇ. ನಾನು ಡ್ರೈವನ್ನೂ ಐಪಿ ಬಿಟ್ಟು ಕಂಪ್ಯೂಟರ್ ಹೆಸರಿಂದ ಮತ್ತೆ ಮ್ಯಾಪ್ ಮಾಡಿದೆ, ಹೆಸರನ್ನ ಮೊದಲೇ ಚಿಕ್ಕದಾಗಿ ಬದಲಾಯಿಸಿದ್ದೆ, 15 ಅಕ್ಷರದೊಳಗೆ ಇದ್ರೆ ಒಳ್ಳೇದು. ಬೇಕು ಅಂತಲೇ ಎರಡೂ ರೂಟರ್, ಡೆಸ್ಕ್‌ಟಾಪ್ ಎಲ್ಲ ಆಫ್ ಮಾಡಿ ಆನ್ ಮಾಡಿದೆ. ಡ್ರೈವ್ ಹಾಗೇ ಬಂತು.

ಇನ್ನೂ ಎರಡು ಕೆಲಸ ಬಾಕಿ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬೇರೆಯವರ ಲೆಕ್ಕ ಇರೋ ಮೆಷಿನ್‌ನ ಹೀಗೇ ಬಹಳ ದಿನ ಇಟ್ಕೊಳ್ಳೋಕಾಗಲ್ಲ, ಈ ವರ್ಷ ಒಂದು ಸಣ್ಣ ಹೊಸ ಡೆಸ್ಕ್‌ಟಾಪ್ ತಗೋಬೇಕು. ಇನ್ನೊಂದು ಬ್ಯಾಕಪ್. ಶೇರ್ ಮಾಡಿದ ಫೋಲ್ಡರ್ ಬ್ಯಾಕಪ್ ಅಲ್ಲ, ಮೇಲೆ ಡಿಲೀಟ್ ಮಾಡಿದ್ರೆ ಕೆಳಗೂ ಹೋಗುತ್ತೆ, ಅದೂ ರೀಸೈಕಲ್ ಬಿನ್‌ಗೆ ಹೋಗದೆ ಸೀದಾ ಹೋಗುತ್ತೆ. ಸದ್ಯಕ್ಕೆ ಶನಿವಾರ ಶನಿವಾರ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ ಅದನ್ನ ಕಿತ್ತು ಬೀರುವಲ್ಲಿಡೋ ಕೆಲಸ ಮಾವ ತಾವೇ ವಹಿಸ್ಕೊಂಡಿದಾರೆ. ನಿಮ್ಮನೇಲಿ ಬೇರೆ ಎರರ್ ಕೋಡ್ ಬರ್ತಿದ್ರೆ ಎರಡೂ ಕಂಪ್ಯೂಟರ್‌ನ ಐಪಿ, ವಿಂಡೋಸ್ ವರ್ಷನ್, ನೆಟ್‌ವರ್ಕ್ ಪ್ರೈವೇಟಾ ಪಬ್ಲಿಕ್ಕಾ ಅನ್ನೋದು ಬರೆದು ಕೇಳಿ, ನನಗೆ ಗೊತ್ತಿರೋ ಅಷ್ಟು ಹೇಳ್ತೀನಿ.